ದೊಡ್ಡ ದಾನಿಗಳ ಹೆಸರು: ಫ್ಲೆಕ್ಸಾ, ಕಲ್ಲಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ವಾಚನಾಲಯ ಟ್ರಸ್ಟ್ ನಮ್ಮದು. ಲಕ್ಷ ದಾಟಿ ಕೊಟ್ಟವರು 11 ಮಂದಿ. ಹೆಸರು ಹೇಗೆ ಹಾಕಿಸುವುದು? ಒಬ್ಬರು ಹೆಸರೇ ಬೇಡ ಅಂತಿದ್ದಾರೆ.

ಉತ್ತರ 1: ಫ್ಲೆಕ್ಸ್ ಬೇಡ ಸರ್, ಒಂದು ಮಳೆಗಾಲಕ್ಕೇ ಬಣ್ಣ ಹೋಗಿ ಅಂಚು ಹರಿಯುತ್ತೆ. ಕರಿ ಗ್ರಾನೈಟ್ ತಗೊಳ್ಳಿ, 18–20 ಮಿ.ಮೀ. ದಪ್ಪದ್ದು. ಅಕ್ಷರ ಕೊರೆಸಿ ಬಣ್ಣ ತುಂಬಿಸಿ. ಬರೀ ಮೇಲೆ ಬರೆಸಿದ್ದು ಚಕ್ಕೆ ಏಳುತ್ತೆ. ಅಕ್ಷರ ಒಂದು ಇಂಚಾದರೂ ಇರಲಿ. ಸಣ್ಣದಾದರೆ ಒತ್ತಕ್ಷರದಲ್ಲಿ ಹಾವಸೆ ಕೂತು ‘ಪ್ಪ’ ಯಾವುದು ‘ಮ್ಮ’ ಯಾವುದು ತಿಳಿಯಲ್ಲ. ಸೂರಿನ ನೀರು ಸಿಡಿಯದ ಜಗುಲಿ ಗೋಡೆಗೇ ಹಾಕಿಸಿ, ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ಮುಂದೆ ಕೊಡುವವರೂ ಇದ್ದಾರಲ್ಲ.

ಉತ್ತರ 2: ಕೊರೆಯುವ ಮೊದಲು ಪ್ರೂಫ್ ಅನ್ನು ಪ್ರತಿ ದಾನಿಗೂ ವಾಟ್ಸಾಪ್ ಮಾಡಿ ‘ಸರಿ ಇದೆ’ ಅಂತ ಬರಹದಲ್ಲೇ ತರಿಸಿಕೊಳ್ಳಿ. ಇನಿಷಿಯಲ್, ಊರ ಹೆಸರು, ‘ಸ್ಮರಣಾರ್ಥ’ದ ಸಾಲು, ಎಡವಟ್ಟಾಗುವುದು ಇಲ್ಲೇ. ಕಲ್ಲಿನ ತಪ್ಪು ತಿದ್ದಲಾಗದು. ಮೊತ್ತ ಕೆತ್ತಿಸಬೇಡಿ, ಅಕಾರಾದಿಯಲ್ಲಿ ಹಾಕಿ. ಹಿಂದೆ ಮುಂದೆ ಅನ್ನುವ ಮನಸ್ತಾಪ ಬರಲ್ಲ.

ಉತ್ತರ 3: ಹೆಸರು ಬೇಡ ಅಂದವರಿಗೆ ಫಲಕದಲ್ಲಿ ‘ಗುಪ್ತದಾನ’ ಸಾಕು. ಆದರೆ ರಸೀದಿ ಪುಸ್ತಕದಲ್ಲಿ ಅವರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಅದು ಅನಾಮಧೇಯ ದೇಣಿಗೆ; ಮಿತಿ ಮೀರಿದ್ದಕ್ಕೆ ಟ್ರಸ್ಟೇ 30% ತೆರಿಗೆ ಕಟ್ಟಬೇಕು. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ (80ಜಿ ಅನ್ನುತ್ತಾರಲ್ಲ, ಅದು) ಕೇಳುವವರಿಂದ ಚೆಕ್ ಇಲ್ಲವೇ ಬ್ಯಾಂಕ್ ಮೂಲಕವೇ ತಗೊಳ್ಳಿ. ನಗದು 2,000 ರೂ. ದಾಟಿದರೆ ವಿನಾಯಿತಿ ಸಿಗಲ್ಲ.