ಹಾಡಿಯ ಅಜ್ಜಿಗೆ ಹಲ್ಲಿನ ಸೆಟ್ಟು, ಮಗುವಿಗೆ ಓಡಾಟದ ಖರ್ಚು: ಆಯುಷ್ಮಾನ್ ಕಾರ್ಡ್ ಬಿಟ್ಟು ಇನ್ನೇನಿದೆ?

ಪ್ರಶ್ನೆ, ಹೆಗ್ಗಡದೇವನಕೋಟೆ ಕಡೆಯಿಂದ:
ನಮ್ಮದು ಜೇನುಕುರುಬರ ಹಾಡಿ. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಎರಡೂ ಇವೆ. ಅಜ್ಜಿಗೆ ಹಲ್ಲಿನ ಸೆಟ್ಟು, ಕನ್ನಡಕ ಬೇಕು. ಅಕ್ಕನ ಮಗನಿಗೆ ಸಿಕಲ್ ಸೆಲ್ ಅಂತ ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ, ಆಗಾಗ ಮೈಸೂರಿಗೆ ಹೋಗಬೇಕು. ಬಸ್ ಚಾರ್ಜು ಒಂದು ಕಡೆ, ಕೂಲಿ ಹೋಗುವುದು ಇನ್ನೊಂದು ಕಡೆ. ಇದೆಲ್ಲ ಕಾರ್ಡಿನಲ್ಲಿ ಬರಲ್ಲ ಅಂದರು. ಗೊತ್ತಿದ್ದವರು ಹೇಳಿ.

ಉತ್ತರ, ಸಿಕಲ್ ಸೆಲ್ ಇರುವ ಮಗಳ ತಾಯಿ, ಚಾಮರಾಜನಗರ ಕಡೆ:
ಆಯುಷ್ಮಾನ್ ಕಾರ್ಡಿನ 5 ಲಕ್ಷ ಹೆಚ್ಚಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ಉಪಯೋಗ. ಮಿಕ್ಕಿದ್ದನ್ನು ಬೇರೆ ಬೇರೆ ಕಡೆ ಕೇಳಿಯೇ ಪಡೆಯಬೇಕು. ಮೊದಲು ಹುಡುಗನಿಗೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಸೇರಿದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕಾಯಿಲೆ ಇರಬೇಕು, ಬರೀ ವಾಹಕರಾದರೆ, ಅಂದರೆ ಅದರ ಅಂಶ ಇದ್ದೂ ಕಾಯಿಲೆ ಇಲ್ಲದವರಾದರೆ, ಆಗಲ್ಲ. ರಕ್ತ ಪರೀಕ್ಷೆಯ ರಿಪೋರ್ಟ್ ಮೇಲೆ ಯಾವುದು ಅಂತ ಬರೆದಿರುತ್ತಾರೆ, ನೋಡಿಕೊಳ್ಳಿ. ವೈದ್ಯರು ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಕೊಟ್ಟರೆ ಮಾಸಾಶನಕ್ಕೆ, ರಿಯಾಯಿತಿ ಬಸ್ ಪಾಸಿಗೆ ಅರ್ಜಿ ಹಾಕಬಹುದು. ಜೊತೆಗೆ ಹೋಗುವ ತಾಯಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. ಮಗುವಿಗೆ ಜ್ವರ ಬಂದರೆ, ಎದೆ ಹಿಡಿದುಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ತುರ್ತು ಇದ್ದಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಿಲ್ಲ. ನಮ್ಮನ್ನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿ ಅಂತ ನಿಲ್ಲಿಸಿದ್ದರು. ಅಲ್ಲೇ ಕೂತಿದ್ದ ಆರೋಗ್ಯಮಿತ್ರರನ್ನು (ಕಾರ್ಡಿನವರಿಗೆ ಸಹಾಯ ಮಾಡಲು ಇರುವವರು) ಹುಡುಕಿ ಹೇಳಿದ ಮೇಲೆ ಒಳಗೆ ಬಿಟ್ಟರು. ಆಸ್ಪತ್ರೆಗೆ ಕಾಲಿಟ್ಟ ತಕ್ಷಣ ಅವರನ್ನೇ ಕೇಳಿ.

ಉತ್ತರ, ಹುಣಸೂರಿನ ಆಶಾ ಕಾರ್ಯಕರ್ತೆ:
ಕನ್ನಡಕಕ್ಕೆ ಆಶಾಕಿರಣ ಯೋಜನೆ, ಹಲ್ಲಿನ ಸೆಟ್ಟಿಗೆ ದಂತಭಾಗ್ಯ. ಎರಡನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಸರು ಹೇಳಿಯೇ ಕೇಳಿ. ಸುಮ್ನೆ ‘ಕಣ್ಣು ಮಂಜು’ ಅಂದರೆ ಡ್ರಾಪ್ಸ್ ಕೊಟ್ಟು ಕಳಿಸಿಬಿಡಬಹುದು. ಅಜ್ಜಿಗೆ ಪೊರೆ ಇದೆಯಾ ಅಂತಲೂ ನೋಡಿಸಿ. ಪೊರೆ ಬಲಿತಿದ್ದರೆ ಕನ್ನಡಕ ಹಾಕಿ ಹೆಚ್ಚು ಪ್ರಯೋಜನವಿಲ್ಲ, ಆಪರೇಷನ್ ಉಚಿತವಾಗಿ ಆಗುತ್ತದೆ.

ಉತ್ತರ, ಉಡುಪಿಯ ಕೊರಗ ಯುವಕ:
ರಾಜ್ಯದಲ್ಲಿ ಅತಿ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವುದು ನಮ್ಮನ್ನೂ ನಿಮ್ಮನ್ನೂ ಮಾತ್ರ. 2023ರಲ್ಲಿ ಶುರುವಾದ ಕೇಂದ್ರದ ಪಿಎಂ ಜನಮನ್ ಯೋಜನೆ ನಮ್ಮಂಥವರಿಗೇ ಇರುವುದು. ಅದರ ಶಿಬಿರದಲ್ಲಿ ಆಧಾರ್, ಜಾತಿ ಪ್ರಮಾಣಪತ್ರ ಸರಿ ಮಾಡಿಸಿಕೊಳ್ಳಿ. ಒಂದರಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಇದ್ದರೆ ಎಲ್ಲ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಗಿರಿಜನ ಕಲ್ಯಾಣ ಇಲಾಖೆಯ ಪೌಷ್ಟಿಕ ಆಹಾರ ಬರುತ್ತಿದೆ ಅಲ್ವಾ? ಬೇಳೆ, ಎಣ್ಣೆ, ತುಪ್ಪ, ಮೊಟ್ಟೆ, ಬೆಲ್ಲ ಕೊಡುತ್ತಾರೆ. ಬಂದಿಲ್ಲ ಅಂದರೆ ಹಾಡಿಯವರೆಲ್ಲ ಸೇರಿ ಬರೆದುಕೊಡಿ. ಒಬ್ಬರೇ ಹೋದರೆ ನಾಳೆ ಬಾ ಅನ್ನುತ್ತಾರೆ.

ಚಾಮರಾಜನಗರದ ತಾಯಿ, ಮತ್ತೆ:
ಹೇಳುವುದು ಬಿಟ್ಟುಹೋಯಿತು. ಆ ಹುಡುಗನ ಅಣ್ಣತಮ್ಮ, ಅಕ್ಕತಂಗಿಯರಿಗೂ ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರದ ಸಿಕಲ್ ಸೆಲ್ ಅಭಿಯಾನದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.