ಹೇರ್ ಮೆಟಲ್ ಗಿಟಾರ್ ವಾದಕರ ಬಗ್ಗೆ ನಮ್ಮ ತೀರ್ಪು ನ್ಯಾಯವೇ?

ಪ್ರಶ್ನೆ (ಕಲಬುರಗಿ):
ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಅಭ್ಯಾಸದ ಕೋಣೆಯಲ್ಲಿ ಹೇರ್ ಮೆಟಲ್‌ನ, ಅಂದರೆ 1980ರ ದಶಕದ ಅಬ್ಬರದ ವೇಷಭೂಷಣದ ರಾಕ್ ಸಂಗೀತದ, ರ‍್ಯಾಟ್, ಡಾಕನ್ ತಂಡಗಳ ಹೆಸರೆತ್ತಿದರೆ ಸಾಕು, ಗೆಳೆಯರು ಮೂಗು ಮುರಿಯುತ್ತಾರೆ. ಕೆದರಿದ ಕೂದಲು, ಬಿಗಿಯುಡುಪುಗಳ ಕಾರಣಕ್ಕೆ ಆ ತಂಡಗಳ ಗಿಟಾರ್ ವಾದಕರಾದ ವಾರನ್ ಡಿಮಾರ್ಟಿನಿ, ಜಾರ್ಜ್ ಲಿಂಚ್ ಅವರಂಥವರನ್ನೂ ತಳ್ಳಿಹಾಕುವುದು ಸರಿಯೇ?

ಉತ್ತರ (ಬೀದರ್):
ಖಂಡಿತ ಸರಿಯಲ್ಲ. 1984ರಲ್ಲಿ ಹೆಸರಾದ ರ‍್ಯಾಟ್‌ನ 'ರೌಂಡ್ ಆ್ಯಂಡ್ ರೌಂಡ್' ಹಾಡಿನ ಸೋಲೊವನ್ನು (ಗಿಟಾರ್ ಮುಂಚೂಣಿಗೆ ಬರುವ ಭಾಗವನ್ನು) ಗಮನವಿಟ್ಟು ಕೇಳಿ: ಡಿಮಾರ್ಟಿನಿ ಒಬ್ಬರೇ ನುಡಿಸುತ್ತ ಹೋಗಿ, ಕೊನೆಯಲ್ಲಿ ಅದೇ ತಂಡದ ರಾಬಿನ್ ಕ್ರಾಸ್ಬಿಯವರ ಗಿಟಾರ್ ಜೊತೆಗೂಡಿದಾಗ ಎರಡೂ ಸ್ವರಗಳು ಸಮಾನಾಂತರವಾಗಿ ಏರುವ ರೀತಿಯಲ್ಲಿ ಆಡಂಬರಕ್ಕಿಂತ ರಚನೆಯ ಎಚ್ಚರವೇ ಹೆಚ್ಚಾಗಿದೆ. ಲಿಂಚ್ ಅವರ ಅಗಲವಾದ ವೈಬ್ರಾಟೊ (ಸ್ವರದ ಕಂಪನ) ಅಂತೂ ಎರಡು ಸ್ವರ ಕೇಳುವಷ್ಟರಲ್ಲೇ ಗುರುತು ಸಿಗುತ್ತದೆ.

ಉತ್ತರ (ಯಾದಗಿರಿ):
ವಾದಕರ ವಿಷಯದಲ್ಲಿ ಒಪ್ಪುತ್ತೇನೆ, ಹಾಡುಗಳ ವಿಷಯದಲ್ಲಿ ಅಲ್ಲ. ದಶಕದ ಕೊನೆಗೆ ಆಲ್ಬಮ್‌ಗೊಂದು ಪವರ್ ಬ್ಯಾಲಡ್ (ನಿಧಾನವಾಗಿ ಶುರುವಾಗಿ ಅಬ್ಬರಕ್ಕೇರುವ ಭಾವುಕ ಹಾಡು) ಕಡ್ಡಾಯವೆಂಬಂತಾಗಿ ತಂಡಗಳು ಒಂದನ್ನೊಂದು ಹೋಲತೊಡಗಿದವು. 1991ರಲ್ಲಿ ಒರಟು, ಸರಳ ಶೈಲಿಯ ರಾಕ್ ತಂಡ ನಿರ್ವಾನಾ ಬಂದಾಗ ಕೇಳುಗರು ಇವರನ್ನು ಅಷ್ಟು ಬೇಗ ಕೈಬಿಟ್ಟದ್ದಕ್ಕೆ ಅದೂ ಕಾರಣ.

ಉತ್ತರ (ಕಲಬುರಗಿಯ ಮತ್ತೊಬ್ಬರು):
ಅದರ ಬೆಲೆ ತೆತ್ತವರು ಮಾತ್ರ ವಾದಕರು. ಸಂಗೀತ ವಾಹಿನಿ ಎಂಟಿವಿಯ ಕಾರ್ಟೂನ್ ಒಂದು ಇದೇ ಪ್ರಕಾರದ ವಿಂಗರ್ ತಂಡವನ್ನು ನಗೆಪಾಟಲು ಮಾಡಿತು. ಆದರೆ ಅದೇ ತಂಡದ ಗಿಟಾರ್ ವಾದಕ ರೆಬ್ ಬೀಚ್ 2002ರಲ್ಲಿ ಹೆಸರಾಂತ ರಾಕ್ ತಂಡ ವೈಟ್‌ಸ್ನೇಕ್ ಸೇರಿದರು. ಎಕ್ಸ್‌ಟ್ರೀಮ್ ತಂಡದ ಗಿಟಾರ್ ವಾದಕ ನೂನೊ ಬೆಟನ್‌ಕೋರ್ಟ್ ಅವರ ಬಲಗೈ ಲಯವನ್ನು ಅರ್ಧ ವೇಗದಲ್ಲಾದರೂ ನುಡಿಸಲು ನಿಮ್ಮ ಗೆಳೆಯರಿಗೆ ಹೇಳಿ.