ದೊಡ್ಡ ಟೈರು ಹಾಕಿಸಿದ ಮೇಲೆ ಸ್ಪೀಡೋಮೀಟರೂ ಸರಿ ಇಲ್ಲ, ಗೇರೂ ಸರಿ ಬೀಳ್ತಿಲ್ಲ: ಅನುಭವ ಇದ್ದವರು ಹೇಳಿ

ಕೇಳಿದ್ದು:

ನನ್ನ ಪಿಕಪ್ ಟ್ರಕ್‌ಗೆ ಮೊದಲು ಇದ್ದದ್ದು 245/75 ಆರ್16 ಟೈರು. ಹೋದ ತಿಂಗಳು 285/75 ಆರ್16 ಹಾಕಿಸಿದೆ. ಗಾಡಿ ಹಳೆಯದು. ನಾಲ್ಕು ಗೇರಿನ ಆಟೋಮ್ಯಾಟಿಕ್, ಫೋರ್ ವೀಲ್ ಡ್ರೈವ್, ಕೇಬಲ್ ಸ್ಪೀಡೋಮೀಟರ್, ಡಿಫರೆನ್ಶಿಯಲ್ ರೇಷಿಯೋ 3.73 (ಚಕ್ರದ ಒಂದು ಸುತ್ತಿಗೆ, ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು). ಈಗ ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತಿದೆ. ಸ್ವಲ್ಪ ಏರು ಬಂದರೆ ಸಾಕು, ಓವರ್‌ಡ್ರೈವ್‌ಗೆ, ಅಂದರೆ ಕೊನೆಯ ಗೇರಿಗೆ ಹೋಗುತ್ತೆ, ಮತ್ತೆ ಕೆಳಗೆ ಬರುತ್ತೆ, ಮತ್ತೆ ಹೋಗುತ್ತೆ. ಮೈಲೇಜೂ ಬಿದ್ದಿದೆ. ಮೊದಲು ಯಾವುದಕ್ಕೆ ಕೈ ಹಾಕಲಿ?

*

ಸ್ಪೀಡೋಮೀಟರ್ ಸದ್ಯಕ್ಕೆ ಹಾಗೇ ಇರಲಿ ಸರ್. ಡಿಫರೆನ್ಶಿಯಲ್ ಬದಲಿಸುತ್ತೀರೋ ಇಲ್ಲವೋ ಅನ್ನೋದು ಮೊದಲು ತೀರ್ಮಾನ ಆಗಲಿ. ನಾನು ಇದನ್ನು ಉಲ್ಟಾ ಮಾಡಿ ಒಂದೇ ಕೆಲಸಕ್ಕೆ ಎರಡು ಸಲ ಗಾಡಿ ಕೆಳಗೆ ಮಲಗಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. ನಿಮ್ಮ ಹಳೇ ಟೈರಿನ ಎತ್ತರ ಸುಮಾರು 774 ಮಿಲಿಮೀಟರ್, ಹೊಸದು 834. ಅಂದರೆ ಹತ್ತಿರ ಹತ್ತಿರ ಶೇ. 8 ದೊಡ್ಡದು. ಚಕ್ರ ಒಂದು ಸುತ್ತು ಸುತ್ತಿದರೆ ಗಾಡಿ ಮೊದಲಿಗಿಂತ ಶೇ. 8 ಜಾಸ್ತಿ ದೂರ ಹೋಗುತ್ತದೆ. ಆದರೆ ಸ್ಪೀಡೋ ಕೇಬಲ್ ಎಣಿಸುವುದು ಸುತ್ತನ್ನು ಮಾತ್ರ. ಮುಳ್ಳು 100 ತೋರಿಸುವಾಗ ನೀವು ನಿಜವಾಗಿ 108ರ ಹತ್ತಿರ ಇರುತ್ತೀರಿ. ಓಡೋಮೀಟರ್ 500 ಕಿಲೋಮೀಟರ್ ಅಂದರೆ ಗಾಡಿ ಓಡಿರುವುದು ಸುಮಾರು 540. ಮೈಲೇಜ್ ಬಿದ್ದಂತೆ ಕಾಣುವುದರಲ್ಲಿ ಒಂದು ಪಾಲು ಈ ಲೆಕ್ಕದ ತಪ್ಪೇ. ತೂಕದ ಟೈರಿಗೆ ನಿಜವಾಗಿಯೂ ಸ್ವಲ್ಪ ಬೀಳುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ.

ಇನ್ನು ಎಳೆತ. 3.73 ಅನ್ನು 1.08ರಿಂದ ಭಾಗಿಸಿ. 3.45 ಬರುತ್ತದೆ. ಈಗ ನಿಮ್ಮ ಗಾಡಿ ಓಡುತ್ತಿರುವುದು 3.45 ರೇಷಿಯೋ ಇದ್ದ ಹಾಗೆ. ಇಂಜಿನ್‌ಗೆ ಎಳೆಯುವ ಶಕ್ತಿ ಸಾಲದೆ ಓವರ್‌ಡ್ರೈವ್‌ನಲ್ಲಿ ಒದ್ದಾಡುತ್ತಿದೆ. ಗೇರ್‌ಬಾಕ್ಸ್ ಕೆಟ್ಟಿದೆ ಅಂತ ಹೆದರಬೇಡಿ. ಮೊದಲಿನ ಎಳೆತ ಬೇಕು ಅಂದರೆ 3.73 ಗುಣಿಸು 1.08, ಅಂದರೆ 4.03 ಬೇಕು. ಸಿಗುವುದರಲ್ಲಿ ಹತ್ತಿರದ್ದು 4.10.

ನಾನು ಮುಖ್ಯವಾಗಿ ಹೇಳಬೇಕು ಅಂದಿದ್ದು ಇದೇ. ನಿಮ್ಮ ಸ್ಪೀಡೋ ಕೇಬಲ್ ಹೊರಡುವುದು ಗೇರ್‌ಬಾಕ್ಸ್ ಕಡೆಯಿಂದ, ಅಂದರೆ ಡಿಫರೆನ್ಶಿಯಲ್‌ಗಿಂತ ಮುಂಚೆ. 4.10 ಕ್ರೌನ್ ಪಿನಿಯನ್ (ಡಿಫರೆನ್ಶಿಯಲ್ ಒಳಗಿನ ಗೇರ್ ಜೋಡಿ) ಹಾಕಿದರೆ ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಜಾಸ್ತಿ ತಿರುಗುತ್ತದೆ. ಸ್ಪೀಡೋಮೀಟರ್ ತಾನಾಗಿಯೇ ಸರಿಯಾಗುತ್ತದೆ, ಒಂದು ಶೇ. 2 ಜಾಸ್ತಿ ತೋರಿಸಬಹುದು ಅಷ್ಟೇ. ಮೊದಲೇ ಸ್ಪೀಡೋ ಗೇರ್ (ಕೇಬಲ್ ತಿರುಗಿಸುವ ಸಣ್ಣ ಗೇರ್) ಬದಲಿಸಿಬಿಟ್ಟರೆ ಆಮೇಲೆ ಅದನ್ನು ವಾಪಸ್ ಹಾಕಬೇಕು. ನನಗೆ ಆಗಿದ್ದು ಅದೇ.

ಫೋರ್ ವೀಲ್ ಡ್ರೈವ್ ಅಂದಿರಿ. ಹಾಗಾದರೆ ಮುಂದೆ ಹಿಂದೆ ಎರಡೂ ಒಟ್ಟಿಗೆ ಬದಲಿಸಲೇಬೇಕು. ಒಂದು 3.73, ಇನ್ನೊಂದು 4.10 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ) ಉಳಿಯುವುದಿಲ್ಲ. ಇದು ದೊಡ್ಡ ಖರ್ಚು, ಒಪ್ಪುತ್ತೇನೆ. ಭಾರ ಹೇರುವವರಾದರೆ, ಘಟ್ಟದ ದಾರಿ ಜಾಸ್ತಿ ಇದ್ದರೆ ಮಾಡಿಸಿ. ಖಾಲಿ ಗಾಡಿ, ಸಮತಟ್ಟು ರಸ್ತೆ ಅಂದರೆ ಬೇಡ. ಏರಿನಲ್ಲಿ ಓವರ್‌ಡ್ರೈವ್ ಆಫ್ ಮಾಡಿಕೊಂಡು ಓಡಿಸಿ, ಸ್ಪೀಡೋ ಗೇರ್ ಮಾತ್ರ ಬದಲಿಸಿ.

*

ಬರೀ ಸ್ಪೀಡೋ ಗೇರ್ ಬದಲಿಸುವುದಾದರೆ ನನ್ನ ಅನುಭವ ಹೇಳುತ್ತೇನೆ. ಕೇಬಲ್ ಹೋಗಿ ಸೇರುವ ಜಾಗದಲ್ಲಿ ಒಂದೇ ಬೋಲ್ಟ್, ಒಂದು ಸಣ್ಣ ಕ್ಲ್ಯಾಂಪ್. ಬಿಚ್ಚುವ ಮುಂಚೆ ಸುತ್ತಲಿನ ಮಣ್ಣು ಒರೆಸಿ, ಕೆಳಗೆ ಒಂದು ಡಬ್ಬಿ ಇಡಿ. ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಎಳೆದರೆ ಹೊರಗೆ ಬರುತ್ತದೆ, ಅದರ ಹಿಂದೆಯೇ ಕೆಂಪು ಆಯಿಲ್ ಮೊಣಕೈವರೆಗೂ ಇಳಿಯುತ್ತದೆ. ತುದಿಯಲ್ಲಿ ಹೆಬ್ಬೆರಳಿನಷ್ಟು ಒಂದು ಪ್ಲಾಸ್ಟಿಕ್ ಗೇರ್. ಅದರ ಹಲ್ಲು ಎಣಿಸಿ. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ ಎಣಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಹಲ್ಲು ಕಮ್ಮಿಯಾದರೆ ಕೇಬಲ್ ಜೋರಾಗಿ ತಿರುಗುತ್ತದೆ. ನಿಮಗೆ ಬೇಕಾಗಿರುವುದು ಅದೇ. ನನ್ನದರಲ್ಲಿ 20 ಹಲ್ಲಿತ್ತು. 20 ಭಾಗಿಸು 1.08 ಅಂದರೆ ಹದಿನೆಂಟೂವರೆ. ಅರ್ಧ ಹಲ್ಲು ಎಲ್ಲಿಂದ ತರೋದು? ನಾನು 18 ಹಾಕಿದೆ. ಮುಳ್ಳು ಶೇ. 3 ಜಾಸ್ತಿ ತೋರಿಸುತ್ತದೆ, ಕಮ್ಮಿ ತೋರಿಸುವುದಕ್ಕಿಂತ ಅದೇ ವಾಸಿ. ವಿಶ್ವಸಂಸ್ಥೆಯ ವಾಹನ ನಿಯಮ 39 ಕೂಡ ಇದನ್ನೇ ಹೇಳುತ್ತದೆ: ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು. ಆಯಿಲ್ ಸೋರದಂತೆ ತಡೆಯುವ ರಬ್ಬರ್ ಓ ರಿಂಗ್ ಮಾತ್ರ ಹೊಸದು ಹಾಕಿ. ಕೆಲವು ಗಾಡಿಗಳಲ್ಲಿ ಆ ಗೇರ್ ಕೂರುವ ಹೌಸಿಂಗ್ ಮೇಲೆ ಹಲ್ಲಿನ ಸಂಖ್ಯೆಗೆ ತಕ್ಕ ಗುರುತು ಇರುತ್ತದೆ, ಅದನ್ನು ನೋಡಿಯೇ ಕೂರಿಸಬೇಕು. ಮುಗಿದ ಮೇಲೆ ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವುದು ಮರೆಯಬೇಡಿ.

ಆಮೇಲೆ ಜಿಪಿಎಸ್ ಇಟ್ಟು ನೋಡಿ. ಪಕ್ಕದಲ್ಲಿ ಒಬ್ಬರು ಕೂತು ಓದಲಿ, ನೀವು ರಸ್ತೆ ನೋಡಿ.

*

ಎಲೆಕ್ಟ್ರಾನಿಕ್ ಸ್ಪೀಡೋಮೀಟರ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಒಂದು ಎಚ್ಚರಿಕೆ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಸೆನ್ಸರ್ ವೈರ್ ಕತ್ತರಿಸಿ ಮಧ್ಯೆ ಸಿಗ್ನಲ್ ಸರಿ ಮಾಡುವ ಪೆಟ್ಟಿಗೆ ಹಾಕಿದರು. ಸ್ಪೀಡೋಮೀಟರ್ ಸರಿಹೋಯಿತು. ಮಾರನೇ ದಿನ ಗಾಡಿ ಒಂದೇ ಗೇರಿನಲ್ಲಿ ನಿಂತುಬಿಟ್ಟಿತು, ಎಚ್ಚರಿಕೆ ದೀಪ ಬೇರೆ. ಆಗಿದ್ದು ಇಷ್ಟು: ಅದೇ ವೈರ್ ಗೇರ್‌ಬಾಕ್ಸ್ ಕಂಪ್ಯೂಟರ್‌ಗೂ ಹೋಗುತ್ತಿತ್ತು. ಒಳಗೆ ಬರುವ ಸುತ್ತಿಗೂ ಹೊರಗೆ ಹೋಗುವ ಸುತ್ತಿಗೂ ತಾಳೆಯಾಗಲಿಲ್ಲ. ಗೇರ್ ಜಾರುತ್ತಿದೆ ಅಂತ ಅದು ತಿಳಿದುಕೊಂಡಿತು. ಪೆಟ್ಟಿಗೆಯನ್ನು ಸ್ಪೀಡೋಮೀಟರ್‌ಗೆ ಹೋಗುವ ಕವಲಿಗೆ ಮಾತ್ರ ಹಾಕಿಸಿದ ಮೇಲೆ ಸರಿಯಾಯಿತು. ಸ್ಕ್ಯಾನರ್‌ನಲ್ಲಿ ಟೈರ್ ಅಳತೆ ಬದಲಿಸಲು ಅವಕಾಶ ಇದ್ದರೆ ವೈರ್ ಮುಟ್ಟಲೇಬೇಡಿ. ವೇಗವನ್ನು ಚಕ್ರದ ಸೆನ್ಸರ್‌ನಿಂದಲೇ ಎಣಿಸುವ ಗಾಡಿಯಾದರೆ ಕ್ರೌನ್ ಪಿನಿಯನ್ ಬದಲಿಸಿದರೂ ಸ್ಪೀಡೋಮೀಟರ್ ಸರಿಯಾಗುವುದಿಲ್ಲ, ಅದನ್ನು ಬೇರೆಯಾಗಿಯೇ ಸರಿ ಮಾಡಬೇಕು.

*

ಕೇಳಿದವರಿಗೆ ಇನ್ನೊಂದು. ಗೇರ್ ತಡವಾಗಿ ಬೀಳಲಿ ಅಂತ ಯಾರಾದರೂ ಥ್ರಾಟಲ್ ಕಡೆಯಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ಎಳೆದು ಬಿಗಿ ಮಾಡಲು ಬಂದರೆ ದಯವಿಟ್ಟು ಬೇಡ ಅನ್ನಿ. ತುಂಬಾ ಹಳೇ ಆಟೋಮ್ಯಾಟಿಕ್‌ಗಳಲ್ಲಿ ಒಳಗಿನ ಆಯಿಲ್ ಒತ್ತಡವೇ ಆ ಕೇಬಲ್ ಮೇಲೆ ನಿಂತಿರುತ್ತದೆ. ಅದಕ್ಕೆ ಕೈ ಹಾಕಲು ಹೋಗಿ ಸಡಿಲವಾದರೆ ಕ್ಲಚ್ ಪ್ಲೇಟ್ ಸುಟ್ಟೇ ಹೋಗುತ್ತದೆ. ಪುಸ್ತಕದಲ್ಲಿ ಹೇಳಿದ ಹಾಗೆ ಇರಲಿ, ಅಷ್ಟೇ. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಸುಟ್ಟ ವಾಸನೆ, ಕಂದು ಬಣ್ಣ ಇದ್ದರೆ ಈಗಾಗಲೇ ಬಿಸಿ ತಿಂದಿದೆ ಅಂತ ಅರ್ಥ, ಒಂದು ಆಯಿಲ್ ಕೂಲರ್ ಹಾಕಿಸಿ. ಸ್ಟೆಪ್ನಿ ಇನ್ನೂ ಹಳೇ ಅಳತೆಯದ್ದೇ ಅಲ್ವಾ? ಅದನ್ನು ಹಾಕಿಕೊಂಡು ಫೋರ್ ವೀಲ್ ಹಾಕಬೇಡಿ.

*

ಕೇಳಿದವನು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಗಾಳಿ ಸರಿಯಾಗಿ ಹಿಡಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಐದು ಸುತ್ತು ಉರುಳಿಸಿ ಟೇಪ್ ಹಿಡಿದೆ. 12 ಮೀಟರ್ 80 ಸೆಂಟಿಮೀಟರ್ ಬಂತು. ಅಂದರೆ ಸುತ್ತಿಗೆ 2.56. ಗಾಡಿ ಭಾರಕ್ಕೆ ಟೈರು ಕೂರುವುದರಿಂದ ಲೆಕ್ಕದ 2.62ಕ್ಕಿಂತ ಸ್ವಲ್ಪ ಕಮ್ಮಿ. ಆಯಿಲ್ ಕಡ್ಡಿ ನೋಡಿದೆ, ಕೆಂಪಾಗಿಯೇ ಇದೆ, ವಾಸನೆ ಇಲ್ಲ. ನಾನು ವಾರಕ್ಕೆ ಮೂರು ದಿನ ಭಾರ ಹೇರುತ್ತೇನೆ. ಹಾಗಾಗಿ ಎರಡೂ ಕಡೆ 4.10 ಹಾಕಿಸುವುದು ಅಂತ ತೀರ್ಮಾನಿಸಿದೆ. ಅಲ್ಲಿವರೆಗೆ ಏರಿನಲ್ಲಿ ಓವರ್‌ಡ್ರೈವ್ ಆಫ್. ಮೀಟರ್ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: 60 ಅಂದರೆ 65, 80 ಅಂದರೆ 86. ಕ್ರೌನ್ ಪಿನಿಯನ್ ಕೂರಿಸಿದ ಮೇಲೆ ಜಿಪಿಎಸ್ ಇಟ್ಟು ನೋಡಿ, ಎಷ್ಟು ಬಂತು ಅಂತ ಇಲ್ಲೇ ತಿಳಿಸುತ್ತೇನೆ.